ಕರಡಿಯ ಮನೆಗೆ ಅತಿಥಿಯಾಗಿ

ರಜೆಯ ದಿನಗಳು ಹತ್ತಿರ ಬಂದವೆಂದರೆ ಮನೆಮನೆಯಲ್ಲಿಯೂ ಒಂದು ಚರ್ಚೆ ಏಳುತ್ತದೆ: ಈ ಸಲ ಎಲ್ಲಿಗೆ ಹೋಗೋಣ? ಹಿರಿಯರು ಯಾವುದಾದರೊಂದು ಕ್ಷೇತ್ರದ ಹೆಸರು ಹೇಳುತ್ತಾರೆ. ಮನೆಯೊಡತಿಗೆ ತವರಿನ ನೆನಪು. ಯಜಮಾನರಿಗೆ ಎಲ್ಲಿಗೂ ಹೋಗದೆ ಎರಡು ದಿನ ಮಲಗಿದ್ದರೆ ಸಾಕು. ಮಕ್ಕಳದು ಮಾತ್ರ ಒಂದೇ ಪಟ್ಟು. "ಸಫಾರಿಗೆ ಹೋಗೋಣ, ಹುಲಿ ನೋಡೋಣ." ಚರ್ಚೆಯಲ್ಲಿ ಕೊನೆಗೆ ಗೆಲ್ಲುವವರು ಯಾರೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಈ 'ಸಫಾರಿ' ಎಂಬ ಮಾತು ಆಫ್ರಿಕದಿಂದ ಬಂದದ್ದು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ, ಅಷ್ಟೇ. ಸ್ವಾಹಿಲಿಗೆ ಅದು ಬಂದದ್ದು ಅರಬಿಯಿಂದ. ಅದೇ ಅರಬಿ ಮಾತು ಇನ್ನೊಂದು ದಾರಿಯಿಂದ ಹೊರಟು, ಪಾರಸಿ ಉರ್ದುಗಳನ್ನು ಹಾದು, 'ಸಫರ್' ಎಂಬ ರೂಪದಲ್ಲಿ ನಮ್ಮ ಕಡೆಗೂ ಬಂದಿತು. 1956ರ ತನಕ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯ ಹಳಬರಿಗೆ ಅದು ಹೊಸ ಮಾತಲ್ಲ. ಹಾಗೆ ನೋಡಿದರೆ ಸಫಾರಿಗೆ ಹುಲಿಯೇ ಬೇಕೆಂದೇನೂ ಇಲ್ಲ. ಹೊರಡುವ ಮನಸ್ಸು, ನೋಡುವ ಕಣ್ಣು ಇವೆರಡಿದ್ದರೆ ಸಾಕು.

ಆದರೂ ಮಕ್ಕಳ ಕಣ್ಣ ಮುಂದೆ ನಿಲ್ಲುವುದು ಬಂಡೀಪುರ, ನಾಗರಹೊಳೆಗಳ ಚಿತ್ರವೇ. ಅದು ತಪ್ಪಲ್ಲ. ಬಂಡೀಪುರ ದೊಡ್ಡ ಹೆಸರಿನ ಕಾಡು. ಮೈಸೂರಿನ ಮಹಾರಾಜರು 1931ರಲ್ಲಿ ಅಲ್ಲಿ ಸುಮಾರು 90 ಚದರ ಕಿಲೋಮೀಟರು ಕಾಡನ್ನು ವನ್ಯಮೃಗಗಳಿಗೆಂದು ಬೇರೆಯಾಗಿಟ್ಟು 'ವೇಣುಗೋಪಾಲ' ಎಂದು ಹೆಸರಿಟ್ಟರು. 1973ರಲ್ಲಿ ಭಾರತ ಸರ್ಕಾರ ಹುಲಿ ಯೋಜನೆಯನ್ನು ಆರಂಭಿಸಿದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಅದರ ಫಲ ಕಣ್ಣಿಗೆ ಕಾಣುವಂತಿದೆ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆಯೆಂದು ಲೆಕ್ಕ ಸಿಕ್ಕಿತು. ಇಡೀ ದೇಶದಲ್ಲಿ ಮಧ್ಯಪ್ರದೇಶವೊಂದೇ ನಮಗಿಂತ ಮುಂದೆ. ಅಂಥ ಕಾಡನ್ನು ಒಮ್ಮೆಯಾದರೂ ನೋಡಬೇಕು, ಮಕ್ಕಳಿಗೆ ತೋರಿಸಬೇಕು.

ಆದರೆ ಕೊಪ್ಪಳದಿಂದಲೋ ಭಾಗ್ಯನಗರದಿಂದಲೋ ಬಂಡೀಪುರಕ್ಕೆ ಸುಮಾರು ಐದು ನೂರು ಕಿಲೋಮೀಟರು ದಾರಿ. ಹೋಗಿ ಬರುವ ಖರ್ಚು, ತಂಗುವ ಖರ್ಚು, ವಾಹನದ ಖರ್ಚು ಇವೆಲ್ಲ ಸೇರಿ ಸಾಮಾನ್ಯ ಸಂಸಾರಕ್ಕೆ ಹೊರೆಯೇ. ಅಷ್ಟು ಮಾಡಿ ಹೋದ ಮೇಲೆ ಹುಲಿ ಕಂಡೇ ತೀರುವುದೆಂಬ ಭರವಸೆಯೂ ಇಲ್ಲ. ಹುಲಿ ನಮ್ಮ ಟಿಕೆಟ್ಟನ್ನು ನೋಡಿ ಬರತಕ್ಕ ಪ್ರಾಣಿಯಲ್ಲ. ಹೀಗಿರುವಾಗ ನಾನು ನಿಮಗೆ ಹೇಳಬೇಕೆಂದಿರುವ ಮಾತು ಬಹಳ ಸರಳವಾದುದು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ರಾತ್ರಿ ಮನೆಗೆ ಬಂದು ಮಲಗಬಹುದಾದಷ್ಟು ಹತ್ತಿರದಲ್ಲಿ, ತುಂಗಭದ್ರೆಯ ಆಸುಪಾಸಿನಲ್ಲಿಯೇ, ದೇಶದ ಬೇರೆ ಕಡೆಯವರು ನೋಡಲು ಹಾತೊರೆದು ಬರುವ ವನ್ಯಜೀವಿಗಳಿವೆ. ಅವುಗಳಲ್ಲಿ ಮುಖ್ಯವಾದುದು ಕರಡಿ.

ಕರಡಿಯ ಹೆಸರು ಕೇಳಿದೊಡನೆ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಹುಲಿಯ ಗಾಂಭೀರ್ಯವಿಲ್ಲ, ಜಿಂಕೆಯ ಚೆಲುವಿಲ್ಲ, ಆನೆಯ ಭವ್ಯತೆಯಿಲ್ಲ. ಕೆದರಿದ ಕೂದಲಿನ ಈ ಪ್ರಾಣಿಯನ್ನು ನೋಡಲು ಟಿಕೆಟ್ಟು ಬೇರೆಯೇ ಎನ್ನಬಹುದು. ಆದರೆ ನಾವಿರುವ ನೆಲವನ್ನು ಸ್ವಲ್ಪ ನೆನೆಯಿರಿ. ಗಂಗಾವತಿ ತಾಲೂಕಿನ ಆನೆಗೊಂದಿಯ ಸುತ್ತಿನ ಬೆಟ್ಟಗಳೇ ರಾಮಾಯಣದ ಕಿಷ್ಕಿಂಧೆಯೆಂದು ತಲೆಮಾರುಗಳಿಂದ ನಂಬಿಕೆ. ಅಂಜನಾದ್ರಿಯನ್ನು ಹತ್ತುವವರೆಲ್ಲ ಹನುಮಂತನನ್ನು ನೆನೆಯುತ್ತಾರೆ. ಆದರೆ ಕಡಲ ದಡದಲ್ಲಿ ಹನುಮಂತನಿಗೆ ಅವನ ಶಕ್ತಿಯನ್ನು ನೆನಪಿಸಿಕೊಟ್ಟ ಹಿರಿಯ ಜಾಂಬವಂತನನ್ನು ನೆನೆಯುವವರು ಕಡಿಮೆ. ಅವನು ಕರಡಿಗಳ ಒಡೆಯ. ಇದೇ ನದಿಯ ದಡದಲ್ಲಿ ಆಳಿದ ಕೃಷ್ಣದೇವರಾಯನು ಸಂಸ್ಕೃತದಲ್ಲಿ ಒಂದು ನಾಟಕವನ್ನು ಬರೆದ. ಅದರ ಹೆಸರು 'ಜಾಂಬವತೀ ಕಲ್ಯಾಣ'. ಕಥೆ ಜಾಂಬವಂತನ ಮಗಳನ್ನು ಕೃಷ್ಣನು ಮದುವೆಯಾದದ್ದು. ಇನ್ನು ನಮ್ಮ ಊರುಗಳ ಜಾತ್ರೆ ಮೆರವಣಿಗೆಗಳಲ್ಲಿ ಎದೆ ನಡುಗುವಂತೆ ಮೊಳಗುವ ಕರಡಿ ಮಜಲು ನಿಮಗೆಲ್ಲ ಗೊತ್ತೇ ಇದೆ. ಕಥೆಯಲ್ಲಿ ಕರಡಿ, ಹಾಡಿನಲ್ಲಿ ಕರಡಿ, ವಾದ್ಯದ ಹೆಸರಿನಲ್ಲಿಯೂ ಕರಡಿ. ಇಷ್ಟೆಲ್ಲ ಇದ್ದೂ ಬೆಟ್ಟದಲ್ಲಿರುವ ಕರಡಿಯನ್ನು ನಾವು ನೋಡಿದ್ದು ಎಷ್ಟು?

ಈಗ ದಾರಿಯ ಮಾತಿಗೆ ಬರೋಣ. ಕೊಪ್ಪಳದಿಂದ ರೈಲು ಹತ್ತಿದರೆ ಹೊಸಪೇಟೆ ಒಂದು ಗಂಟೆಯೊಳಗಿನ ಪ್ರಯಾಣ. ಹೊಸಪೇಟೆಯಿಂದ ಕಮಲಾಪುರ, ಕಮಲಾಪುರದಿಂದ ಮುಂದೆ ದರೋಜಿಯ ಕಡೆಗೆ ರಸ್ತೆ. ಹಂಪಿಯಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ ದರೋಜಿ ಕರಡಿಧಾಮವಿದೆ. ಬಿಳಿಕಲ್ಲು ಎಂಬ ಕಾಯ್ದಿಟ್ಟ ಅರಣ್ಯದ ಸುಮಾರು 5,587 ಹೆಕ್ಟೇರು ಪ್ರದೇಶವನ್ನು ರಾಜ್ಯ ಸರ್ಕಾರ 1994ರಲ್ಲಿ ಕರಡಿಗಳಿಗೆಂದು ಮೀಸಲಾಗಿಟ್ಟಿತು. ಮುಂದೆ ಬುಕ್ಕಸಾಗರದ ಕಾಡಿನ ಭಾಗವೂ ಸೇರಿ ಅದು ಸುಮಾರು 82 ಚದರ ಕಿಲೋಮೀಟರಿಗೆ ಬೆಳೆಯಿತು.

ಕಾಡು ಎಂದೊಡನೆ ಹಸುರು ಕತ್ತಲೆಯನ್ನು ಕಲ್ಪಿಸಿಕೊಂಡು ಹೋದವರಿಗೆ ಅಲ್ಲಿ ಮೊದಲು ನಿರಾಶೆಯಾದೀತು. ಮುಗಿಲೆತ್ತರದ ಮರಗಳಿಲ್ಲ, ಜುಳುಜುಳು ಹರಿಯುವ ತೊರೆಗಳಿಲ್ಲ. ಯಾರೋ ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುವ ಹೆಬ್ಬಂಡೆಗಳು. ಅವುಗಳ ಸಂದಿಯಲ್ಲಿ ಮುಳ್ಳಿನ ಪೊದೆ, ಕವಳೆ, ಬಾರೆ, ಸೀತಾಫಲ, ಅಲ್ಲಲ್ಲಿ ಹುತ್ತ. ನಮ್ಮ ಊರ ಹೊರಗಿನ ಗುಡ್ಡ ಹೇಗಿದೆಯೋ ಹಾಗೆಯೇ. ಇಲ್ಲಿಯೇ ವಿಚಾರ ಮಾಡತಕ್ಕ ಸಂಗತಿ ಇರುವುದು. ನಾವು ಯಾವುದನ್ನು ಬರಡು ಎನ್ನುತ್ತೇವೋ ಅದೇ ಕರಡಿಗೆ ಸಂಪನ್ನವಾದ ಸಂಸಾರ. ಹೆಬ್ಬಂಡೆಗಳ ನಡುವಿನ ಗವಿ ಅದರ ಮನೆ. ಹೊರಗೆ ಬೇಸಿಗೆಯ ಬಿಸಿಲು ಬೆಂಕಿಯಂತೆ ಸುರಿಯುತ್ತಿದ್ದರೂ ಗವಿಯ ಒಳಗೆ ತಂಪು. ಹುತ್ತ ಅದರ ಉಗ್ರಾಣ. ಬಾರೆಯ ಹಣ್ಣು, ಕವಳೆಯ ಹಣ್ಣು, ಬಂಡೆಯ ಸಂದಿನ ಜೇನು ಇವು ಅದರ ಹಬ್ಬದೂಟ.

ಈ ಪ್ರಾಣಿಯ ರಚನೆಯೇ ಒಂದು ಸೋಜಿಗ. ಅದರ ಮೇಲ್ದವಡೆಯ ಮುಂದಿನ ನಡುವಣ ಎರಡು ಹಲ್ಲುಗಳು ಇರುವುದೇ ಇಲ್ಲ. ಅದೊಂದು ಕೊರತೆಯೆಂದು ತಿಳಿಯಬೇಡಿ. ಮುಂಗಾಲಿನ ಉದ್ದವಾದ ಉಗುರುಗಳಿಂದ ಹುತ್ತವನ್ನು ಒಡೆದು, ಮೂತಿಯನ್ನು ಒಳಕ್ಕೆ ಚಾಚಿ, ಮೊದಲು ಉಫ್ ಎಂದು ಮಣ್ಣನ್ನು ಊದಿ, ಅನಂತರ ತುಟಿಗಳನ್ನು ಕೊಳವೆಯಂತೆ ಮಾಡಿ ಗೆದ್ದಲನ್ನು ಹೀರುತ್ತದೆ. ಹೀರುವುದಕ್ಕೆ ಆ ಹಲ್ಲಿಲ್ಲದ ಸಂದೇ ದಾರಿ. ಮಣ್ಣು ಒಳಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲುದು. ಆ ಹೀರುವ ಸದ್ದು ನಿಶ್ಶಬ್ದವಾದ ಹೊತ್ತಿನಲ್ಲಿ ನೂರು ಗಜಕ್ಕೂ ಆಚೆ ಕೇಳಿಸುವುದುಂಟು. 1791ರಲ್ಲಿ ಜಾರ್ಜ್ ಷಾ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಈ ಉಗುರು ಹಲ್ಲುಗಳನ್ನು ನೋಡಿ, ಇದು ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಳಗವೆಂದು ಭಾವಿಸಿದ. ಜೀವಂತ ಕರಡಿ ಯುರೋಪಿಗೆ ಬಂದ ಮೇಲೆ ಆ ಭ್ರಾಂತಿ ಹರಿಯಿತು. ಆದರೆ ಇಂಗ್ಲಿಷಿನಲ್ಲಿ ಅದರ ಹೆಸರು ಇಂದಿಗೂ 'ಸ್ಲಾತ್ ಬೇರ್'. ಸೋಮಾರಿಯಲ್ಲದ ಪ್ರಾಣಿ ಸೋಮಾರಿಯೆಂಬ ಬಿರುದನ್ನು ಹೊತ್ತು ಇನ್ನೂರು ವರ್ಷ ದಾಟಿತು.

ಹಿಮದ ನಾಡಿನ ಕರಡಿಗಳಂತೆ ಇದು ಚಳಿಗಾಲವಿಡೀ ನಿದ್ದೆ ಮಾಡುವುದಿಲ್ಲ. ಚಳಿಗಾಲದಲ್ಲಿ ತಾಯಿ ಗವಿಯೊಳಗೆ ಒಂದೋ ಎರಡೋ ಮರಿಗಳನ್ನು ಹಾಕುತ್ತದೆ. ಎರಡು ಮೂರು ತಿಂಗಳ ಮೇಲೆ ಮರಿಗಳು ಹೊರಗೆ ಬರುತ್ತವೆ; ಬರುವುದು ತಾಯಿಯ ಬೆನ್ನೇರಿ. ಬೆನ್ನ ಮೇಲಿನ ಉದ್ದ ಕೂದಲನ್ನು ಹಿಡಿದು ಸವಾರಿ ಮಾಡುವ ಈ ಮರಿಗಳನ್ನು ಕಂಡ ಯಾವ ಮಗುವೂ ಅದನ್ನು ಮರೆಯಲಾರದು. ತನ್ನ ಮರಿಯನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದನ್ನು ರೂಢಿ ಮಾಡಿಕೊಂಡ ಕರಡಿಯ ಜಾತಿ ಪ್ರಪಂಚದಲ್ಲಿ ಇದೊಂದೇ.

ದರೋಜಿಯಲ್ಲಿ ಕರಡಿ ನೋಡುವ ಹೊತ್ತು ಮಧ್ಯಾಹ್ನದ ನಂತರ. ಎದುರಿಗೆ ಕರಡಿಕಲ್ಲು ಗುಡ್ಡ; ಈಚೆ ನೋಡುಗರಿಗೆಂದು ಕಟ್ಟಿದ ವೀಕ್ಷಣಾ ಗೋಪುರ. ಕೆಳಗಿನ ಬಂಡೆಗಳಿಗೆ ಬೆಲ್ಲದ ಪಾಕವನ್ನು ಸವರುವುದು ಅಲ್ಲಿ ಬಹುಕಾಲ ನಡೆದು ಬಂದ ಪದ್ಧತಿ. ಬಿಸಿಲು ಸ್ವಲ್ಪ ಇಳಿದೊಡನೆ ಬಂಡೆಯ ನೆರಳಿನಿಂದ ಒಂದು ಕಪ್ಪು ಚುಕ್ಕೆ ಬೇರ್ಪಟ್ಟು ಮೆಲ್ಲಗೆ ಕೆಳಗಿಳಿಯುತ್ತದೆ. ದುರ್ಬೀನಿದ್ದರೆ ಎದೆಯ ಮೇಲಿನ ಬಿಳಿಯ ಗುರುತೂ ಕಾಣುತ್ತದೆ. ಕರಡಿಗಿಂತ ಮೊದಲು ನವಿಲುಗಳೂ ಮುಂಗುಸಿಗಳೂ ಹಾಜರಾಗುವುದುಂಟು. ಹಕ್ಕಿಗಳಲ್ಲಿ ಆಸಕ್ತಿಯಿದ್ದವರು ಹಳದಿ ಕೊರಳಿನ ಪಿಕಳಾರವನ್ನು ಹುಡುಕಬೇಕು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲಿಯೂ ಅದಿಲ್ಲ. ಚಿರತೆ, ಚಿಪ್ಪುಹಂದಿ, ನಕ್ಷತ್ರ ಆಮೆಗಳೂ ಆ ಕಾಡಿನ ನಿವಾಸಿಗಳೇ. ಆದರೆ ಅವು ಕಾಣುವುದು ನಿಮ್ಮ ಭಾಗ್ಯ.

ಬೆಲ್ಲದ ಮಾತು ಬಂದುದರಿಂದ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆಯೇ ಇಡುತ್ತೇನೆ. ಕಾಡುಪ್ರಾಣಿಗೆ ಮನುಷ್ಯ ತಿನಿಸು ಇಡುವುದು ಸರಿಯೇ? ಸರಿಯೆನ್ನುವವರು ಹೇಳುವುದಿಷ್ಟು: ಜನ ಕರಡಿಯನ್ನು ಕಣ್ಣಾರೆ ಕಂಡರೆ ಅದರ ಮೇಲೆ ಪ್ರೀತಿ ಹುಟ್ಟುತ್ತದೆ, ನೋಡುಗರು ಬರುವುದರಿಂದ ಸುತ್ತಿನ ಊರುಗಳಲ್ಲಿ ನಾಲ್ಕು ಜನರಿಗೆ ದುಡಿಮೆ ಸಿಗುತ್ತದೆ. ಸರಿಯಲ್ಲವೆನ್ನುವವರ ವಾದವೂ ಹಗುರವಾದುದಲ್ಲ. ಸುಲಭದ ಸಿಹಿ ಕಂಡ ಪ್ರಾಣಿ ಹುತ್ತ ಅಗೆಯುವ ಶ್ರಮವನ್ನು ಮರೆತೀತು. ಬೇರೆಬೇರೆಯಾಗಿ ಬದುಕುವ ಕರಡಿಗಳು ಒಂದೇ ಕಡೆ ಸೇರಿ ಜಗಳಾಡಿಯಾವು, ರೋಗ ಹಂಚಿಕೊಂಡಾವು. ಮನುಷ್ಯನ ವಾಸನೆಯನ್ನೂ ಸಿಹಿಯನ್ನೂ ಕೂಡಿಸಿ ನೆನಪಿಟ್ಟುಕೊಂಡಾವು. ನನಗೆ ಎರಡನೆಯ ವಾದದ ಕಡೆಗೇ ಒಲವು. ಮಕ್ಕಳಿಗೆ ತೋರಿಸಬೇಕಾದದ್ದು ಬೆಲ್ಲ ನೆಕ್ಕುವ ಕರಡಿಯನ್ನಲ್ಲ, ಹುತ್ತ ಅಗೆಯುವ ಕರಡಿಯನ್ನು. ಅದಕ್ಕೆ ತಾಳ್ಮೆ ಬೇಕು. ಕೆಲವು ದಿನ ಬರಿಗೈಯಲ್ಲಿ ಮರಳಬೇಕಾದೀತು. ಕಾಡಿಗೆ ಹೋಗಿ ಏನನ್ನೂ ಕಾಣದೆ ಬರುವುದೂ ಕಾಡನ್ನು ಕಲಿಯುವ ಒಂದು ಬಗೆಯೇ. ಇಲಾಖೆಯವರು ಬಂಡೆಗೆ ಏನು ಸವರುತ್ತಾರೋ ಅದು ಅವರ ವಿವೇಚನೆ. ನಾವಂತೂ ಬಾಳೆಹಣ್ಣು, ಬಿಸ್ಕತ್ತು, ಮಂಡಕ್ಕಿ ಎಂದು ಒಂದು ತುಣುಕನ್ನೂ ಎಸೆಯಬಾರದು.

ಇನ್ನು ನಿಮಗೆ ಟಿಕೆಟ್ಟಿನ ಮೇಲೆ ಅಚ್ಚಾಗದ ಒಂದು ಬೆಲೆಯ ವಿಷಯ ಹೇಳಬೇಕು. ನಾವು ಗೋಪುರದ ಮೇಲೆ ಕುಳಿತು ಕರಡಿಯನ್ನು ನೋಡಿ ಹಿಗ್ಗುತ್ತೇವೆ. ಸಂಜೆ ಮನೆಗೆ ಹೋಗುತ್ತೇವೆ. ಕರಡಿ ಎಲ್ಲಿಗೆ ಹೋಗುತ್ತದೆ? ಕರಡಿಧಾಮಕ್ಕೆ ಗೋಡೆಯಿಲ್ಲ. ಕತ್ತಲಾದ ಮೇಲೆ ಅದು ಗುಡ್ಡದಿಂದಿಳಿದು ಹೊಲಗಳಿಗೂ ಬರುತ್ತದೆ. ಮೆಕ್ಕೆಜೋಳ, ಶೇಂಗಾ, ಕಬ್ಬು, ಹಣ್ಣಿನ ತೋಟ ಯಾವುದೂ ಅದಕ್ಕೆ ಬೇಡವೆಂದಿಲ್ಲ. ಸಾಲ ಮಾಡಿ ಬಿತ್ತಿದ ರೈತ ರಾತ್ರಿಯಿಡೀ ಮಂಚಿಕೆಯ ಮೇಲೆ ತಗಡು ಬಡಿಯುತ್ತ ಎಚ್ಚರವಿರಬೇಕಾಗುತ್ತದೆ. ಒಮ್ಮೊಮ್ಮೆ ನಸುಕಿನಲ್ಲಿ ಹೊಲಕ್ಕೆ ಹೊರಟವರು ಪೊದೆಯ ಬಳಿ ಅದಕ್ಕೆ ಎದುರಾಗಿಬಿಡುತ್ತಾರೆ. ಕರಡಿಗೆ ಮೂಗು ಬಹಳ ಚುರುಕು. ಕಣ್ಣು ಕಿವಿ ಅಷ್ಟಾಗಿ ಸಾಲವು. ಹುತ್ತ ಅಗೆಯುವುದರಲ್ಲಿ ಮಗ್ನವಾಗಿದ್ದರೆ ಹತ್ತಿರ ಬರುವ ತನಕ ಮನುಷ್ಯ ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ತಟ್ಟನೆ ಕಂಡಾಗ ಬೆದರಿ ಮೇಲೆ ಬೀಳುತ್ತದೆ. ಮರಿಯಿದ್ದರಂತೂ ಹೇಳುವುದೇ ಬೇಡ. ಅದರ ಏಟು ಸಾಮಾನ್ಯವಾಗಿ ಬೀಳುವುದು ಮುಖಕ್ಕೆ, ತಲೆಗೆ. ಬದುಕಿ ಉಳಿದವರೂ ಆ ಗಾಯವನ್ನು ಜನ್ಮವಿಡೀ ಹೊತ್ತು ತಿರುಗಬೇಕು.

ಬೆಳೆ ಹಾನಿಗೂ ಗಾಯಕ್ಕೂ ಸರ್ಕಾರದಿಂದ ಪರಿಹಾರ ಕೊಡುವ ಏರ್ಪಾಡಿದೆ. ಅದು ಕಾಲಕ್ಕೆ ಸರಿಯಾಗಿ, ಸಾಕಷ್ಟು, ಅಲೆದಾಟವಿಲ್ಲದೆ ರೈತನ ಕೈಗೆ ಸೇರಬೇಕೆಂದು ಕೇಳುವುದು ರೈತನೊಬ್ಬನ ಕೆಲಸವಲ್ಲ. ಕರಡಿಯನ್ನು ನೋಡಿ ಸಂತೋಷಪಟ್ಟ ಪಟ್ಟಣದವರಾದ ನಮ್ಮ ಕೆಲಸವೂ ಹೌದು. ಕರಡಿ ಉಳಿಯಬೇಕೆಂದು ನಾವು ಹೇಳುವುದು, ಅದರ ಖರ್ಚನ್ನು ಮಾತ್ರ ಗುಡ್ಡದ ಬುಡದ ಸಣ್ಣ ಹಿಡುವಳಿದಾರ ತೆರುವುದು ನ್ಯಾಯವಲ್ಲ. ಗುಡ್ಡದ ಸಮೀಪದ ಊರುಗಳಲ್ಲಿ ನಿಮ್ಮ ಬಂಧುಗಳಿದ್ದರೆ ಇಷ್ಟನ್ನು ಅವರಿಗೆ ತಿಳಿಸಿರಿ. ಕತ್ತಲಲ್ಲಿ ಒಬ್ಬರೇ ಹೋಗಬಾರದು, ಕೈಯಲ್ಲಿ ದೀಪವಿರಬೇಕು, ಮಾತಾಡುತ್ತಲೋ ಹಾಡುತ್ತಲೋ ನಡೆಯಬೇಕು. ಮನುಷ್ಯನ ಸದ್ದು ಮುಂಚಿತವಾಗಿ ಸಿಕ್ಕರೆ ಕರಡಿ ತಾನಾಗಿಯೇ ದಾರಿ ಬಿಡುವುದು ಹೆಚ್ಚು.

ಕರಡಿಯ ಕಡೆಯ ಕಷ್ಟವನ್ನೂ ಹೇಳದಿದ್ದರೆ ಮಾತು ಒಕ್ಕಣ್ಣಿನದಾದೀತು. ನಿಮ್ಮಲ್ಲಿ ವಯಸ್ಸಾದವರಿಗೆ ಊರೂರು ತಿರುಗುತ್ತಿದ್ದ ಕರಡಿಯಾಟದವರ ನೆನಪಿದೆ. ಡಮರುಗದ ಸದ್ದು ಕೇಳಿದರೆ ಮಕ್ಕಳೆಲ್ಲ ಓಡುತ್ತಿದ್ದರು. ಬೆಚ್ಚಿ ಬೀಳುವ ಮಗುವನ್ನು ಕರಡಿಯ ಬೆನ್ನ ಮೇಲೆ ಕೂಡಿಸಿ ಇಳಿಸುತ್ತಿದ್ದರು. ಕರಡಿಯ ಕೂದಲಿನ ತಾಯತ ಕಟ್ಟಿಸುತ್ತಿದ್ದರು. ನೋಡಲು ಅದು ಮೋಜು. ಆದರೆ ಆ ಕುಣಿತದ ಹಿಂದೆ ಇದ್ದದ್ದು ಏನು? ಗವಿಯಿಂದ ಕದ್ದು ತಂದ ಮರಿ. ಕಾದ ಸಲಾಕೆಯಿಂದ ಮೂಗಿಗೆ ತೂತು. ಆ ತೂತಿನಲ್ಲಿ ಹಗ್ಗ. ಮರಿಯನ್ನು ತರುವುದಕ್ಕೆ ಎಷ್ಟೋ ಸಲ ತಾಯಿಯನ್ನು ಕೊಲ್ಲಬೇಕಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನು ನಿಷೇಧಿಸಿದರೂ ಆಟ ನಿಂತದ್ದು ಎಷ್ಟೋ ಕಾಲದ ಮೇಲೆ. ಆಟದವರಾದ ಕಲಂದರರಿಗೆ ಬೇರೆ ಕಸುಬು ಹಿಡಿಯಲು ನೆರವು ಕೊಟ್ಟು, ಅವರಿಂದ ಕರಡಿಗಳನ್ನು ಬಿಡಿಸಿಕೊಂಡು ಬನ್ನೇರುಘಟ್ಟವೇ ಮೊದಲಾದ ಕಡೆಗಳ ಆಶ್ರಯಗಳಲ್ಲಿ ಸಾಕಲಾಯಿತು. 2009ರ ಕೊನೆಯ ಹೊತ್ತಿಗೆ ಬೀದಿಯ ಕರಡಿಯಾಟ ನಮ್ಮ ದೇಶದಲ್ಲಿ ಮುಗಿದಂತಾಯಿತು. ಇದರಲ್ಲಿ ಒಂದು ಪಾಠವಿದೆ. ಕರಡಿಯನ್ನು ಬಿಡಿಸಬೇಕಾದರೆ ಮೊದಲು ಕರಡಿಯವನ ಹೊಟ್ಟೆಯ ವಿಚಾರ ಮಾಡಬೇಕಾಯಿತು.

ಇದೇ ಪಾಠ ತೋಳಕ್ಕೂ ಸಲ್ಲುತ್ತದೆ. ತೋಳ ನಮ್ಮ ಜಿಲ್ಲೆಯದೇ ಪ್ರಾಣಿ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಎಕರೆ ಕುರುಚಲು ಭೂಮಿಯನ್ನು ಇತ್ತೀಚಿನ ವರ್ಷಗಳಲ್ಲಿ ತೋಳಗಳಿಗೆಂದೇ ಮೀಸಲಾಗಿಟ್ಟಿದ್ದಾರೆ. 2025ರ ಆರಂಭದಲ್ಲಿ ಅಲ್ಲಿ ತೋಳವೊಂದು ಎಂಟು ಮರಿಗಳನ್ನು ಹಾಕಿದ ಸುದ್ದಿಯನ್ನು ನೀವು ಕೇಳಿರಬಹುದು. ಎಂಟು ಮರಿ ಎಂದರೆ ಏನು ಮಹಾ ಎನ್ನಬೇಡಿ. ಇಡೀ ಭಾರತದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರವೆಂದು ತಜ್ಞರ ಅಂದಾಜು; ಹುಲಿಗಳಿಗಿಂತ ಹೆಚ್ಚೇನಲ್ಲ. ನಮ್ಮ ತೋಳದ ಕುಲ ಪ್ರಪಂಚದ ತೋಳಗಳಲ್ಲಿಯೇ ಬಹಳ ಪುರಾತನವಾದುದೆಂದು 2021ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ತೋರಿಸಿತು.

ಹುಲಿಗೆ ದಟ್ಟ ಕಾಡು ಬೇಕು. ತೋಳಕ್ಕೆ ಬೇಕಾದದ್ದು ಬಯಲು, ಹುಲ್ಲು, ಸಣ್ಣ ಗುಡ್ಡ, ಅಂದರೆ ನಮ್ಮ ಕುಷ್ಟಗಿ ಯಲಬುರ್ಗಾಗಳಂಥ ಸೀಮೆಯೇ. ಅದು ಬದುಕುವುದು ಕುರಿಗಾರರ ನಡುವೆ. ಬೆಳಗಾಗುವುದರೊಳಗೆ ಹಟ್ಟಿಯಿಂದ ಒಂದೆರಡು ಕುರಿಗಳನ್ನು ಎಳೆದೊಯ್ದರೆ ಕುರಿಗಾರನಿಗೆ ಅದು ಸಣ್ಣ ನಷ್ಟವಲ್ಲ. ಪರಿಹಾರ ಪಡೆಯಲು ಸತ್ತ ಕುರಿಯ ಪಂಚನಾಮೆಯಾಗಬೇಕು. ಊರಿಂದೂರಿಗೆ ಹೊರಟ ಹಿಂಡಿನವನು ಅದಕ್ಕಾಗಿ ಎಷ್ಟು ದಿನ ಕಾದಾನು? ಆದರೂ ತಲೆಮಾರುಗಳಿಂದ ಕುರುಬರೂ ತೋಳಗಳೂ ಒಂದೇ ಬಯಲಿನಲ್ಲಿ ಬಾಳಿದ್ದಾರೆ. ತೋಳಕ್ಕೆ ಈಗಿನ ಹೊಸ ಹಗೆಗಳು ಬೇರೆ: ಉಳುಮೆಗೂ ಕಟ್ಟಡಕ್ಕೂ ಹೋಗುತ್ತಿರುವ ಬಯಲು, ಸಿಡಿಮದ್ದಿನಿಂದ ಒಡೆಯುತ್ತಿರುವ ಗುಡ್ಡ, ನಮ್ಮ ಊರುಗಳಿಂದ ಹೊರಬಿದ್ದ ಬೀದಿನಾಯಿಗಳು. ನಾಯಿಯಿಂದ ತೋಳಕ್ಕೆ ಹುಚ್ಚು ಮೊದಲಾದ ರೋಗಗಳು ಹತ್ತುತ್ತವೆ; ನಾಯಿಯೊಡನೆ ಬೆರೆತು ತಳಿಯೂ ಕೆಡುತ್ತದೆ. ಪೇಟೆಯ ಕಸದ ತಿಪ್ಪೆಗೂ ಗುಡ್ಡದ ತೋಳಕ್ಕೂ ಸಂಬಂಧವಿದೆಯೆಂದರೆ ಆಶ್ಚರ್ಯವಾಗಬಹುದು. ಆದರೆ ಇದೆ.

ಬಯಲಿನ ಪ್ರಾಣಿಯನ್ನು ಕಳೆದುಕೊಂಡ ಮೇಲೆ ಏನಾಗುತ್ತದೆಂಬುದಕ್ಕೆ ಚೀತಾದ ಕಥೆಯೇ ಸಾಕ್ಷಿ. ಒಂದು ಕಾಲಕ್ಕೆ ದಖ್ಖನಿನ ಬಯಲುಗಳಲ್ಲಿಯೂ ಇದ್ದ ಆ ಪ್ರಾಣಿ ನಮ್ಮ ದೇಶದಿಂದ ಅಳಿಯಿತೆಂದು 1952ರಲ್ಲಿ ಸರ್ಕಾರ ಸಾರಬೇಕಾಯಿತು. ಎಪ್ಪತ್ತು ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಎಂಟು ಚೀತಾಗಳನ್ನು ನಮೀಬಿಯದಿಂದ ವಿಮಾನದಲ್ಲಿ ಕೂಡಿಸಿಕೊಂಡು ಮಧ್ಯಪ್ರದೇಶದ ಕೂನೋ ಕಾಡಿಗೆ ತಂದರು. ಮನೆಯ ಮಗನನ್ನು ಬೀದಿಗೆ ಬಿಟ್ಟು ಪರದೇಶದಿಂದ ದತ್ತು ತಂದಂತಾಯಿತು. ತೋಳಕ್ಕೂ ಕರಡಿಗೂ ಅಂಥ ವಿಮಾನಯಾನದ ಕಾಲ ಬರದಿರಲಿ. ಕುಷ್ಟಗಿ ಇಳಕಲ್ಲುಗಳ ಕೆಂಪು ಗ್ರಾನೈಟಿಗೆ ದೂರದೇಶಗಳಲ್ಲಿ ಬೆಲೆಯಿದೆ ನಿಜ. ಅದರಿಂದ ಬದುಕುವ ಸಂಸಾರಗಳೂ ಇವೆ ನಿಜ. ಆದರೆ ಎಲ್ಲ ಗುಡ್ಡವೂ ಕಲ್ಲಿನ ಗಣಿಯಲ್ಲ. ಕೆಲವು ಗುಡ್ಡಗಳು ಮನೆಗಳು. ಒಡೆದ ಗವಿಯನ್ನು ಯಾವ ಗುತ್ತಿಗೆದಾರನೂ ಮತ್ತೆ ಕಟ್ಟಿಕೊಡಲಾರ.

ನದಿಯನ್ನು ಮರೆಯುವಂತಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಮುಗಿಸಿದ ಮೇಲೆ ಈ ನಾಡಿನ ರೂಪವೇ ಬದಲಾಯಿತು. ಗಂಗಾವತಿಯ ಬತ್ತದ ಗದ್ದೆಗಳು ಅದರ ಕೊಡುಗೆ. ಆ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯ ತನಕ 34 ಕಿಲೋಮೀಟರು ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ನೀರುನಾಯಿಗೆಂದೇ ಇಂಥ ಏರ್ಪಾಡು ದೇಶದಲ್ಲಿ ಅದೇ ಮೊದಲು. ಹಂಪಿಗೋ ಆನೆಗೊಂದಿಗೋ ಹೋದಾಗ ಬೆಳಗಿನ ಹೊತ್ತು ಬಂಡೆಗಳ ನಡುವಿನ ಮಡುಗಳ ಕಡೆ ಗದ್ದಲ ಮಾಡದೆ ನೋಡಿರಿ. ನಯವಾದ ಮೈಯ ನಾಲ್ಕಾರು ನೀರುನಾಯಿಗಳು ಮೀನಿನ ಬೆನ್ನು ಹತ್ತಿ ಆಡುವುದು ಕಂಡರೂ ಕಂಡೀತು. ಅದಕ್ಕೆ ಟಿಕೆಟ್ಟೂ ಬೇಡ.

ಮಕ್ಕಳು ಹುಲಿಯ ಪಟ್ಟನ್ನು ಬಿಡಲಿಲ್ಲವೆಂದರೆ ಅದಕ್ಕೂ ಉಪಾಯವುಂಟು. ಕಮಲಾಪುರದ ಹತ್ತಿರ ಬಿಳಿಕಲ್ಲು ಕಾಡಿನ ಅಂಚಿನಲ್ಲಿ 2017ರಲ್ಲಿ ಆರಂಭವಾದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯವಿದೆ. ಅಲ್ಲಿ ವಾಹನದಲ್ಲಿ ಕುಳಿತು ಹುಲಿ ಸಿಂಹಗಳನ್ನು ನೋಡಬಹುದು. ಆದರೆ ಅಲ್ಲಿಗೂ ಕರಡಿಧಾಮಕ್ಕೂ ಇರುವ ಅಂತರವನ್ನು ಮಕ್ಕಳಿಗೆ ತಿಳಿಸಿ ಹೇಳಿರಿ. ಅಲ್ಲಿ ಪ್ರಾಣಿ ಬೇಲಿಯೊಳಗೆ, ಅದರ ಊಟ ಮನುಷ್ಯನ ಕೈಯಲ್ಲಿ. ಇಲ್ಲಿ ಪ್ರಾಣಿ ತನ್ನ ಮನೆಯ ಯಜಮಾನ. ಗೋಪುರವೆಂಬ ಬೇಲಿಯೊಳಗೆ ಕೂತವರು ನಾವು. ಎರಡನ್ನೂ ಒಂದೇ ದಿನ ತೋರಿಸಿದರೆ ಆ ಅಂತರ ಮಕ್ಕಳಿಗೆ ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ.

ನಾವು ಮತ್ತೊಬ್ಬರ ಮನೆಗೆ ಹೋದಾಗ ಚಪ್ಪಲಿ ಹೊರಗೆ ಬಿಡುತ್ತೇವೆ, ದನಿ ತಗ್ಗಿಸುತ್ತೇವೆ, ಕೊಟ್ಟದ್ದನ್ನು ತಿನ್ನುತ್ತೇವೆ, ಕರೆಯದ ಕೋಣೆಗೆ ಕಾಲಿಡುವುದಿಲ್ಲ. ಕಾಡಿನ ಶಿಷ್ಟಾಚಾರವೂ ಇಷ್ಟೇ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ. ಅತ್ತರು ಬೇಡ, ಕರಡಿಯ ಮೂಗಿಗೆ ಅದು ಡಂಗುರ. ವಾಹನದಿಂದ ಇಳಿಯಬಾರದೆಂದಲ್ಲಿ ಇಳಿಯಬಾರದು. ಚಿತ್ರ ತೆಗೆಯುವ ಹುಚ್ಚಿನಲ್ಲಿ ಹತ್ತಿರ ಹೋಗಬಾರದು. ಚಹಾದ ಲೋಟ, ತಿಂಡಿಯ ಚೀಲಗಳನ್ನು ತಂದಂತೆಯೇ ಮರಳಿ ಒಯ್ಯಬೇಕು. ಮಾರ್ಗದರ್ಶಿಯನ್ನು "ಇನ್ನೂ ಹತ್ತಿರ ಒಯ್ಯಿರಿ" ಎಂದು ಪೀಡಿಸಬಾರದು. ಅವನು ಪ್ರತಿದಿನ ಬಾಳಬೇಕಾದದ್ದು ಆ ಕಾಡಿನೊಡನೆ, ನಮ್ಮೊಡನೆ ಅಲ್ಲ. ಸಾಧ್ಯವಾದರೆ ಹತ್ತಿರದ ಹಳ್ಳಿಯ ಅಂಗಡಿಯಲ್ಲಿಯೇ ಚಹಾ ಕುಡಿಯಿರಿ, ಅಲ್ಲಿಯ ರೈತನಿಂದಲೇ ಹಣ್ಣು ಕೊಳ್ಳಿರಿ. ಕರಡಿಯ ನೆರೆಯವನಿಗೆ ಕರಡಿಯಿಂದ ನಾಲ್ಕು ಕಾಸು ಲಾಭವಾಗಲಿ.

ಜಿಂಕೆಯ ಹಿಂಡಿಗೂ ಹುಲಿಯ ಗರ್ಜನೆಗೂ ನೀವು ಮುಂದೊಂದು ದಿನ ಬಂಡೀಪುರಕ್ಕೆ ಅವಶ್ಯವಾಗಿ ಹೋಗಿ ಬನ್ನಿ. ಅದಕ್ಕೆ ಮೊದಲು ಒಂದು ಭಾನುವಾರ ತುಂಗಭದ್ರೆಯನ್ನು ದಾಟಿ, ಇಳಿಬಿಸಿಲಿನಲ್ಲಿ ಕರಡಿಕಲ್ಲು ಗುಡ್ಡದ ಎದುರು ಒಂದು ತಾಸು ಸುಮ್ಮನೆ ಕುಳಿತು ನೋಡಿರಿ. ಮರುದಿನ ಭಾಗ್ಯನಗರದ ಮಗ್ಗದ ಮನೆಯ ಮಾಳಿಗೆಯಿಂದಲೋ ಕೊಪ್ಪಳದ ಕೋಟೆಯ ಬುಡದಿಂದಲೋ ಊರ ಸುತ್ತಿನ ಬಂಡೆಗಳನ್ನು ನೋಡಿದಾಗ, "ಬರೀ ಕಲ್ಲು" ಎಂಬ ಮಾತು ನಿಮ್ಮ ಬಾಯಿಗೆ ಅಷ್ಟು ಸುಲಭವಾಗಿ ಬರಲಾರದು.